ಸುವಾರ್ತವ್ವ ಹಾಸಿದ ಇಪ್ಪತ್ತೆರಡು ಚೀಲ

ಹನ್ನೊಂದನೇ ಚಾಪೆಯನ್ನು ಕಟ್ಟೆಗೆ ಬಡಿದು ಝಾಡಿಸಿ ಆಗಿದೆ. ಅದನ್ನು ಸುತ್ತಿಡುವ ಮುಂಚೆ ಸುವಾರ್ತವ್ವ ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ, ಜೋರಾಗಿ ಒಂದು ಉಸಿರು ಎಳೆದುಕೊಳ್ಳುತ್ತಾರೆ. ಸ್ವಲ್ಪ ಹೊತ್ತು ಕಾಯುತ್ತಾರೆ. ಸೀನು ಬರಲಿಲ್ಲ. ಚಾಪೆ ಒಳಗೆ ಹೋಗುತ್ತದೆ, ಹನ್ನೆರಡನೆಯದು ಕೈಗೆ ಬರುತ್ತದೆ.

ಬ್ಯಾಡಗಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಮೋಟೆಬೆನ್ನೂರ ರಸ್ತೆಯ ಬದಿಯ ಈ ಪುಟ್ಟ ಚರ್ಚಿನ ಅಂಗಳದಲ್ಲಿ ಇರುವುದು ಒಂದೇ ಬಲ್ಬು. ಆಚೆ ಕಡೆ ಮೆಣಸಿನಕಾಯಿ ಚೀಲ ಹೇರಿದ ಲಾರಿಗಳು ಪೇಟೆಗೆ ಸಾಲು ಹಿಡಿದಿವೆ. ಚಾಪೆ ಮೂಸುವುದು ಯಾಕೆ ಎಂದು ಕೇಳಿದರೆ ಅರವತ್ತೆರಡರ ಸುವಾರ್ತವ್ವ ನಗುತ್ತಾರೆ. "ಅದಕ್ಕ ಒಂದು ಕಥೀನ ಐತ್ರಿ. ಮೊದ್ಲ ಕಸ ಹೊಡೀತೇನಿ, ಆಮ್ಯಾಲ ಹೇಳ್ತೇನಿ."

ಈ ಚರ್ಚಿನಲ್ಲಿ ಇಪ್ಪತ್ತಾರು ವರ್ಷದಿಂದ ಕಸ ಹೊಡೆಯುವವರು, ನೀರು ತುಂಬುವವರು, ಹಾಡಿನ ಪುಸ್ತಕ ಜೋಡಿಸುವವರು ಅವರೇ. ಅದಕ್ಕೂ ಮೊದಲು ಅವರ ತಾಯಿ ಮಾಡುತ್ತಿದ್ದರು. ಯಾರೂ ನೇಮಿಸಿದ್ದಲ್ಲ, ತಾಯಿ ಹಾಸಿಗೆ ಹಿಡಿದ ದಿನ ಕಸಬರಿಗೆ ಮಗಳ ಕೈಗೆ ಬಂತು, ಅಷ್ಟೇ. ಹೊಟ್ಟೆಪಾಡಿನ ಕೆಲಸ ಬೇರೆ ಇದೆ. ಎಂಟು ಗಂಟೆಗೆ ಪೇಟೆಯ ಹಿಂದಿನ ಅಂಗಳದಲ್ಲಿ ಹೆಂಗಸರ ಜೊತೆ ಕೂತು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಬೇಕು. ಸಂಜೆ ಆರರವರೆಗೆ ಅದೇ ಕೆಲಸ. ಸೋಮವಾರ ಮತ್ತು ಗುರುವಾರ ಪೇಟೆಯ ದಿನ, ಅವತ್ತು ತಲೆ ಎತ್ತಲು ಪುರಸೊತ್ತಿಲ್ಲ.

ಹಮಾಲಿ ಮಾಡುತ್ತಿದ್ದ ಗಂಡ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಮಗಳು ಹಾವೇರಿಯಲ್ಲಿ ನರ್ಸು, ತಿಂಗಳಿಗೆ ಎರಡು ಸಲ ಬಂದು ತಾಯಿಯ ಕೆಮ್ಮಿಗೆ ಔಷಧಿ ಇಟ್ಟು ಬೈದು ಹೋಗುತ್ತಾಳೆ. ಸುವಾರ್ತವ್ವನ ಉಗುರಿನ ಸಂದಿಯಲ್ಲಿ ಕೆಂಪು ಕೂತುಬಿಟ್ಟಿದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು ಹಾಡಿನ ಪುಸ್ತಕದ ಮೇಲೆ ಬೆರಳಿಟ್ಟುಕೊಂಡೇ ಓದು ಗಟ್ಟಿ ಮಾಡಿಕೊಂಡಿದ್ದಾರೆ. ಹೀಗಾಗಿ ಪುಸ್ತಕದ ಕೆಲವು ಪುಟಗಳ ಅಂಚು ಕೆಂಪಗಿದೆ. ಯಾರಾದರೂ ಆಕ್ಷೇಪಿಸಿದರೆ, "ಬ್ಯಾಡಗಿ ಚರ್ಚಿನ ಪುಸ್ತಕ ಅಂತ ಗುರ್ತಾ ಸಿಗ್ತೈತಲ್ಲ, ಬಿಡ್ರಿ" ಎಂದು ತೇಲಿಸುತ್ತಾರೆ.

ಕಸ ಹೊಡೆದು ಮೂರು ಚಾಪೆ ಹಾಸುತ್ತಾರೆ, ಉಳಿದವು ಭಾನುವಾರಕ್ಕೆ. ಬೆಳಗಿನ ಪ್ರಾರ್ಥನೆಗೆ ಬರುವವರು ಮೂರೇ ಮಂದಿ: ಇವರು, ರೈಲ್ವೆಯಿಂದ ನಿವೃತ್ತರಾದ ಒಬ್ಬರು, ಅವರ ಹೆಂಡತಿ. ತಾಯಿಯ ಕಾಲದಲ್ಲಿ ಮೂವತ್ತು ಜನ ಬರುತ್ತಿದ್ದರಂತೆ, ತಡವಾದರೆ ಬಾಗಿಲಲ್ಲಿ ಕೂರಬೇಕಿತ್ತಂತೆ. ಈಗ ಭಾನುವಾರ ಅರವತ್ತು ಜನ ಸೇರಿದರೂ ಅರ್ಧ ಜನ ಗಡಿಯಾರ ನೋಡುತ್ತಾರೆ. ರಾಣೆಬೆನ್ನೂರಿನ ಸಭೆಯವರು ಹೊಸ ಕೀಬೋರ್ಡು ತಂದಿದ್ದಾರೆ. ಹಾವೇರಿಯಲ್ಲಿ ಗೋಡೆಗೆ ಪರದೆ ಹಾಕಿ ಹಾಡಿನ ಸಾಲು ತೋರಿಸುತ್ತಾರೆ. ಮೂರೂ ಊರಿನ ಹಿರಿಯರು ಕೂಡಿದಾಗ ಮಾತು ಮಾತ್ರ ಒಂದೇ: ಉಜ್ಜೀವನ ಬೇಕು. ಮಂಕಾದ ಭಕ್ತಿಗೆ ಮತ್ತೆ ಜೀವ ಬರಬೇಕು.

ಸುವಾರ್ತವ್ವ ಸಹ ಪ್ರತಿದಿನ ಕೇಳುವುದು ಅದನ್ನೇ. "ನಾ ಬ್ಯಾರೆ ಏನೂ ಬೇಡಂಗಿಲ್ರಿ. ನಮ್ಮ ಸಭಾ ಮತ್ತ ಜೀವಂತ ಆಗ್ಲಿ ಅಂತೀನಿ. ಆದ್ರ ನಾಲ್ಕು ವರ್ಷದಿಂದ ಆ ಪ್ರಾರ್ಥನಿ ಮಾಡುಮುಂದ ನಾಲಿಗಿ ತಡವರಸ್ತೈತಿ."

ಕಥೆ ಇರುವುದು ಇಲ್ಲೇ.

ನಾಲ್ಕು ವರ್ಷದ ಹಿಂದೆ ಫೆಬ್ರುವರಿಯಲ್ಲಿ ಮೂರೂ ಊರಿನ ಸಭೆಗಳು ಕೂಡಿ ಈ ಚರ್ಚಿನಲ್ಲಿ ಉಜ್ಜೀವನ ಕೂಟ ಇಟ್ಟವು. ಕರಾವಳಿ ಕಡೆಯಿಂದ ಒಬ್ಬ ಹಿರಿಯ ಬೋಧಕರು ಬಂದರು. ಜನ ನೆನೆಸಿದ್ದಕ್ಕಿಂತ ಹೆಚ್ಚಾದರು, ಚಾಪೆ ಸಾಲಲಿಲ್ಲ. ಸುವಾರ್ತವ್ವ ತುಂಬು ಬಿಡಿಸುವ ಅಂಗಳಕ್ಕೆ ಓಡಿ, ಜೊತೆಯಲ್ಲಿ ಕೆಲಸ ಮಾಡುವ ಚಮನಬಿಯನ್ನು ಕೇಳಿ ಇಪ್ಪತ್ತೆರಡು ಖಾಲಿ ಗೋಣಿಚೀಲ ತಂದರು. ಗಡಿಬಿಡಿಯಲ್ಲಿ ಒಂದೆರಡು ಸಲ ಝಾಡಿಸಿದರು. ಬಿಳಿ ಬಟ್ಟೆಯವರಿಗೆ ಕೆಂಪು ಹತ್ತಬಾರದೆಂದು ಮೇಲೆ ಹಳೆಯ ಬಿಳಿ ಚಾದರ ಹಾಸಿದರು.

ಬ್ಯಾಡಗಿ ಕಾಯಿಯ ಚೀಲವಾಗಿದ್ದರೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಈ ಊರಿನ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಜೀವಮಾನವಿಡೀ ಅದನ್ನೇ ಮುಟ್ಟಿದ ಸುವಾರ್ತವ್ವನಿಗೆ ಚೀಲ ಅಂದರೆ ಬಣ್ಣದ ಭಯವೊಂದೇ. ಆದರೆ ಅವತ್ತು ಕೈಗೆ ಸಿಕ್ಕ ಚೀಲಗಳಲ್ಲಿ ಬಂದಿದ್ದು ಆಂಧ್ರದ ಗುಂಟೂರಿನ ಕಡುಖಾರದ ಕಾಯಿ.

ಬೋಧಕರು ವೇದಿಕೆಯ ಮೇಲೆ ನಿಂತು, "ಎಲ್ಲರೂ ಮೊಣಕಾಲೂರಿ, ಹಣೆ ನೆಲಕ್ಕೆ ಮುಟ್ಟಿಸಿ" ಎಂದರು. ನೂರು ಮಂದಿ ಬಾಗಿದರು. ಫ್ಯಾನು ತಿರುಗುತ್ತಿತ್ತು. ಮೊದಲು ಒಂದು ಕೆಮ್ಮು, ಆಮೇಲೆ ಒಂದು ಬಿಕ್ಕು. ಎರಡು ನಿಮಿಷದಲ್ಲಿ ಇಡೀ ಸಭೆ ಕಣ್ಣು ಮೂಗು ಒರೆಸಿಕೊಳ್ಳುತ್ತ ಗೊಳೋ ಎನ್ನುತ್ತಿತ್ತು. ಬೋಧಕರು ಎರಡೂ ಕೈ ಎತ್ತಿ, "ಆತ್ಮನು ಇಳಿದ! ಉಜ್ಜೀವನ ಬಂತು!" ಎಂದು ಕೂಗಿದರು. ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣಲ್ಲೂ ನೀರು.

ಆ ಗದ್ದಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ದಾನೇಲಪ್ಪ ಮತ್ತು ಯೋನಪ್ಪ ಅಣ್ಣತಮ್ಮಂದಿರು. ತಾಯಿಯ ಸಮಾಧಿಯ ಕಲ್ಲಿನಲ್ಲಿ ಯಾರ ಹೆಸರು ಮೊದಲು ಬರಬೇಕು ಎಂದು ಜಗಳಾಡಿ ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಕಲ್ಲೂ ನಿಂತಿರಲಿಲ್ಲ. ಅವತ್ತು ಜಾಗ ಇಕ್ಕಟ್ಟಾಗಿ ಇಬ್ಬರೂ ಒಂದೇ ಚೀಲದ ಮೇಲೆ ಬಂದಿದ್ದರು. ಕಣ್ಣು ಬಿಡಲಾರದೆ ತಡಕಾಡುತ್ತಿದ್ದ ಯೋನಪ್ಪನ ಕೈಗೆ ಯಾರೋ ಟವೆಲ್ ಕೊಟ್ಟರು.

"ಯಾರಪಾ ನೀ?"

"ನಾನಲೇ. ಒರಸ್ಕೋ."

ಇಬ್ಬರೂ ಅಪ್ಪಿಕೊಂಡದ್ದನ್ನು ಬಾಗಿಲ ಹತ್ತಿರ ನಿಂತಿದ್ದ ಸುವಾರ್ತವ್ವ ಕಂಡರು. ತಮ್ಮ ಬೇಡಿಕೆ ಈಡೇರಿತೆಂದು ಅವರೂ ಅತ್ತರು. ಮರುದಿನ ಬೆಳಿಗ್ಗೆ ಚಾದರ ಎತ್ತಿ, ಚೀಲ ಝಾಡಿಸಿ ವಾಪಸು ಒಯ್ಯಲು ಹೊರಟಾಗ ಕೈಯೆಲ್ಲ ಬೆಂಕಿಯಾಯಿತು. ಚೀಲ ತಿರುವಿ ಮೂಸಿದರು. ಸತತ ಒಂಬತ್ತು ಸೀನು.

"ಆವಾಗ ತಿಳೀತ್ರಿ. ಅಯ್ಯೋ ಕರ್ತನೇ, ನಾ ಉಜ್ಜೀವನ ಬೇಡಿದ್ರ ನೀ ಗುಂಟೂರು ಕಾಯಿ ಕಳಿಸಿದ್ಯಲ್ಲೋ ಅಂದೆ."

ಚಮನಬಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. "ಚೀಲ ಬೇಕು ಅಂದಿ, ಕೊಟ್ಟೆ. ಯಾ ಊರಿನ ಕಾಯಿದು ಅಂತ ನೀ ಕೇಳಿದೇನಬೇ?"

ಅಂದೇ ಹೇಳಿದ್ದರೆ ಎಲ್ಲರೂ ನಕ್ಕು ಮುಗಿಸುತ್ತಿದ್ದರೋ ಏನೋ. ಆದರೆ ಆ ವಾರವೇ ಅಣ್ಣತಮ್ಮಂದಿರು ಸಮಾಧಿಗೆ ಕಲ್ಲು ತರಲು ಜೊತೆಯಾಗಿ ಹೊರಟರು. ಕಣ್ಣೀರು ಸುಳ್ಳೆಂದು ತಿಳಿದರೆ ರಾಜಿಯೂ ಸುಳ್ಳಾದೀತೇ? ಸುವಾರ್ತವ್ವನ ಬಾಯಿ ಕಟ್ಟಿತು. ಆರು ತಿಂಗಳಿಗೆ ಬೋಧಕರ ಪತ್ರಿಕೆ ಬಂತು. 'ಮೆಣಸಿನಕಾಯಿಯ ಊರಿನಲ್ಲಿ ಕಣ್ಣೀರಿನ ಮಳೆ' ಎಂದು ಎರಡು ಪುಟದ ಬರಹ. ಚರ್ಚಿನ ಆಗಿನ ಸಭಾಪಾಲಕರು ಅದನ್ನು ಭಾನುವಾರ ಓದಿ ಹೇಳಿದರು, ಜನ ಹೆಮ್ಮೆಪಟ್ಟರು. ಬಾಯಿ ಇನ್ನಷ್ಟು ಬಿಗಿಯಿತು. ಬೋಧಕರಿಗೆ ನಿಜ ಬರೆದು ತಿಳಿಸಬೇಕೆಂದು ಒಂದು ಹಾಳೆ ತೆಗೆದುಕೊಂಡು, 'ಪೂಜ್ಯ ಅಯ್ಯನವರಿಗೆ' ಎಂದು ಬರೆದು ನಿಂತುಬಿಟ್ಟರು. ಆ ಹಾಳೆ ಮೂರು ವರ್ಷಕ್ಕೂ ಮೇಲೆ ಅವರ ಬೈಬಲಿನೊಳಗೇ ಇತ್ತು.

ಈ ಫೆಬ್ರುವರಿಯಲ್ಲಿ ಮತ್ತೆ ಕೂಟವಿದೆ. ಅದೇ ಬೋಧಕರು ಬರುತ್ತಾರೆ. ಕಣ್ಣೀರು ಬಿದ್ದ ನೆಲವನ್ನು ಇನ್ನೊಮ್ಮೆ ನೋಡಬೇಕೆಂದು ಅವರೇ ಬರೆದಿದ್ದಾರೆ. ಹೋದ ಭಾನುವಾರ ಈಗಿನ ಸಭಾಪಾಲಕರು ಸುವಾರ್ತವ್ವನನ್ನು ಕರೆದು, "ಅವತ್ತಿನಂಗ ಚೀಲ ಹಾಸಿಬಿಡ್ರಿ ಅಮ್ಮಾ, ಮಂದಿ ಬಾಳ ಬರ್ತಾರ" ಎಂದರು. ಹೊಸಬರು, ಪಾಪ, ಚೀಲ ಹಾಸಿದ ಮಾತನ್ನು ಮಂದಿಯಿಂದ ಕೇಳಿದ್ದಷ್ಟೇ, ಒಳಗಿನ ಸಂಗತಿ ಗೊತ್ತಿಲ್ಲ.

"ಅವತ್ತು ತಿಳೀದ ಹಾಸಿದ್ದೆ. ಈ ಸಲ ಸುಮ್ಮನಿದ್ರ ಅದು ಅಂಜಿಕಿ ಅಲ್ಲ, ಮೋಸ" ಎನ್ನುತ್ತಾರೆ ಸುವಾರ್ತವ್ವ.

ಮೊದಲು ಹೋದದ್ದು ದಾನೇಲಪ್ಪನ ಟೇಲರ್ ಅಂಗಡಿಗೆ. ಯೋನಪ್ಪನೂ ಅಲ್ಲೇ ಇದ್ದ. ರಾಣೆಬೆನ್ನೂರಿಗೆ ಬೀಜದ ಚೀಲ ಸಾಗಿಸುವ ತನ್ನ ಗಾಡಿ ನಿಲ್ಲಿಸಿ ಅಣ್ಣನ ಜೊತೆ ಚಹಾ ಕುಡಿಯುತ್ತಿದ್ದ. ಸುವಾರ್ತವ್ವ ಕೂರಲಿಲ್ಲ, ನಿಂತೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ದಾನೇಲಪ್ಪ ಹೊಲಿಗೆಯ ಯಂತ್ರ ನಿಲ್ಲಿಸಿದ.

"ಅಕ್ಕಾ, ನಾ ಹುಟ್ಟಿದ್ದು ಎಲ್ಲಿ?"

"ಬ್ಯಾಡಗ್ಯಾಗ."

"ಮತ್ತ ನನಗ ಘಾಟು ಗೊತ್ತಾಗಂಗಿಲ್ಲೇನು? ಹಣಿ ಊರಿದ ಕೂಡ್ಲೆ ತಿಳೀತು."

"ತಿಳಿದೂ ಯಾಕ ಅತ್ತಿ?"

"ಒಂಬತ್ತ ವರ್ಷದ ಅಳು ಒಳಗಿತ್ತು. ಹೊರಗ ಬರಾಕ ಒಂದು ನೆವ ಬೇಕಾಗಿತ್ತು."

ಯೋನಪ್ಪ ಚಹಾದ ಕಪ್ಪು ಕೆಳಗಿಟ್ಟ. "ಕಣ್ಣಾಗ ನೀರು ತರಿಸಿದ್ದು ಮೆಣಸಿನಕಾಯಿನ ಇರಬೇಕು ಅಕ್ಕಾ. ಟವೆಲ್ ಕೊಟ್ಟಿದ್ದು ಮೆಣಸಿನಕಾಯಿ ಅಲ್ಲಲ್ಲ." ಆಮೇಲೆ ಅಣ್ಣನ ಕಡೆ ತಿರುಗಿ, "ಟವೆಲ್ಲೂ ಹೊಲಸ ಇತ್ತು, ಆ ಮಾತು ಬ್ಯಾರೆ" ಎಂದ.

"ವಾಪಸ್ ಕೊಟ್ಟಿಲ್ಲ ನೋಡ ಅಕ್ಕಾ ಇನ್ನೂ" ಎಂದು ದಾನೇಲಪ್ಪ ಯಂತ್ರ ತುಳಿಯತೊಡಗಿದ.

ಅವರ ತಾಯಿಯ ಸಮಾಧಿಯ ಕಲ್ಲಿನಲ್ಲಿ ಈಗ ತಾಯಿಯ ಹೆಸರೊಂದೇ ಇದೆ. ಮಕ್ಕಳ ಹೆಸರೇ ಇಲ್ಲ. ಅಂಗಡಿಯಿಂದ ಬರುವಾಗ ಸುವಾರ್ತವ್ವ ದಾರಿ ಬದಲಿಸಿ ಅದನ್ನು ಮುಟ್ಟಿ ಬಂದರು.

ಸಭಾಪಾಲಕರಿಗೆ ಹೇಳುವುದು ಅಷ್ಟು ಸುಲಭವಾಗಲಿಲ್ಲ. ಅವರು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟರು. "ಹಂಗಾದ್ರ ಅವತ್ತು ಉಜ್ಜೀವನ ಬರ್ಲೇ ಇಲ್ಲೇನಮ್ಮಾ?" ಎಂದು ಕೇಳಿದರು. ಕರಾವಳಿಯ ಬೋಧಕರು ಬೇಸರಪಟ್ಟು ಬಾರದೇ ಹೋದರೆ ಎಂಬ ಚಿಂತೆ ಅವರಿಗೆ. ಕೂಟದ ಕರಪತ್ರ ಅಚ್ಚಾಗಿತ್ತು, ಹಾವೇರಿಯವರಿಗೂ ಹಂಚಿ ಆಗಿತ್ತು.

"ಬಂದಿತ್ರಿ" ಎಂದರು ಸುವಾರ್ತವ್ವ. "ನೂರು ಮಂದಿಗಿ ಬಂತು ಅಂತ ತಿಳ್ಕೊಂಡ್ವಿ. ಬಂದಿದ್ದು ಇಬ್ರಿಗೆ. ಅಷ್ಟನ್ನ ಇದ್ದಂಗ ಹೇಳಿದ್ರ ಏನು ಕಡಿಮಿ ಆಗ್ತೈತಿ?" ಸಭಾಪಾಲಕರು ಒಳಗೆ ಹೋಗಿ ಬೋಧಕರ ವಿಳಾಸ ಬರೆದು ತಂದುಕೊಟ್ಟರು.

ಪತ್ರ ಮುಗಿಸಲು ಮೂರು ಬೆಳಗು ಹಿಡಿಯಿತು. ಬೈಬಲಿನೊಳಗಿದ್ದ ಆ ಹಳೆಯ ಹಾಳೆಯನ್ನೇ ಮುಂದುವರಿಸಿದ್ದಾರೆ, ಮೊದಲ ಸಾಲಿನ ಶಾಯಿ ಮಾಸಿದೆ. ಅದನ್ನು ಇಲ್ಲಿ ಹಾಕಲು ಒಪ್ಪಿದರು, ಆದರೆ ಅಂಚೆಗೆ ಬಿದ್ದ ಮೇಲೆಯೇ ಎಂದು ಮಾತು ತೆಗೆದುಕೊಂಡರು. "ಪೇಪರಿನ್ಯಾಗ ಓದಿ ಅಯ್ಯನೋರಿಗೆ ತಿಳೀಬಾರ್ದು. ನನ್ನ ಕೈಬರಹದಾಗ ತಿಳೀಬೇಕು."

'ಪೂಜ್ಯ ಅಯ್ಯನವರಿಗೆ, ಬ್ಯಾಡಗಿ ಚರ್ಚಿನ ಕಸ ಹೊಡೆಯುವ ಸುವಾರ್ತವ್ವನ ವಂದನೆಗಳು. ಹಿಂದೆ ತಾವು ಬಂದಾಗ ನಮ್ಮ ಮಂದಿ ಅತ್ತದ್ದು ಗುಂಟೂರು ಮೆಣಸಿನಕಾಯಿಯ ಘಾಟಿಗೆ. ಆ ಚೀಲ ಹಾಸಿದವಳು ನಾನು. ಬೇಕೆಂದು ಮಾಡಲಿಲ್ಲ, ಆದರೆ ತಿಳಿದ ಮೇಲೂ ಹೇಳಲಿಲ್ಲ, ಅದು ತಪ್ಪು. ಅವತ್ತು ಇಬ್ಬರು ಅಣ್ಣತಮ್ಮಂದಿರು ಕೂಡಿದರು. ಅದು ಖರೇ, ಇವತ್ತಿಗೂ ಕೂಡಿದ್ದಾರೆ. ತಮ್ಮ ಪತ್ರಿಕೆಯಲ್ಲಿ ಅದು ಬಂದಿರಲಿಲ್ಲ. ಈ ಸಲ ಚೀಲ ಹಾಸುವುದಿಲ್ಲ, ಚಾಪೆ ಹಾಸುತ್ತೇನೆ. ಅಳು ಬಂದರೆ ಅಳುತ್ತೇವೆ, ಬರದಿದ್ದರೆ ಸುಮ್ಮನೆ ಕೂತು ಪ್ರಾರ್ಥನೆ ಮಾಡುತ್ತೇವೆ. ತಾವು ತಪ್ಪದೆ ಬರಬೇಕು.'

ಕೂಟದಿಂದ ಏನು ಬಯಸುತ್ತೀರಿ ಎಂದರೆ ಬಹಳ ಯೋಚನೆ ಮಾಡುವುದಿಲ್ಲ. "ಬೆಳಗಿನ ಪ್ರಾರ್ಥನಿಗೆ ಒಬ್ರು ಹೆಚ್ಚಿಗಿ ಬರ್ಲಿ. ನಾಕನೇ ಚಾಪಿ ಹಾಸಬೇಕು ಅನಸ್ತೈತಿ."

ಇವತ್ತು ಗುರುವಾರ, ಪೇಟೆಯ ದಿನ. ಅಂಗಳದಲ್ಲಿ ರಾಶಿ ಕಾಯುತ್ತಿದೆ. ಹೋಗುವ ದಾರಿಯಲ್ಲಿ ಅಂಚೆ ಕಚೇರಿಯ ಕೆಂಪು ಡಬ್ಬಿಯ ಮುಂದೆ ಸುವಾರ್ತವ್ವ ನಿಲ್ಲುತ್ತಾರೆ. ಲಕೋಟೆ ಅರ್ಧ ಒಳಗೆ, ಅರ್ಧ ಕೈಯಲ್ಲಿ. ಲಕೋಟೆಯ ಮೂಲೆಗೆ ಬೆರಳಿನ ಕೆಂಪು ಹತ್ತಿದೆ.

"ಲಗೂ ಬಿಡಬೇ, ಹೊತ್ತಾಗಾಕತ್ತೈತಿ" ಎನ್ನುತ್ತಾಳೆ ಕೆಲಸಕ್ಕೆ ಜೊತೆಗೆ ಹೊರಟ ಚಮನಬಿ. ಆಮೇಲೆ ಬಗ್ಗಿ ಆ ಕೆಂಪು ಗುರುತು ನೋಡಿ, "ಇದು ಯಾ ಊರಿನ ಕಾಯಿದು? ಒಡದು ಓದುಮುಂದ ಅಯ್ಯನೋರು ಮತ್ತ ಅತ್ತಾರು!"

ಸುವಾರ್ತವ್ವ ಲಕೋಟೆಯನ್ನು ಹೊರಗೆಳೆದು, ಮೂಗಿಗೆ ಹಿಡಿದು, ಜೋರಾಗಿ ಒಂದು ಉಸಿರು ಎಳೆದುಕೊಂಡು ಕಾಯುತ್ತಾರೆ. ಸೀನು ಬರಲಿಲ್ಲ.

"ನಮ್ಮೂರಿಂದು" ಎಂದು ಹೇಳಿ ಡಬ್ಬಿಯೊಳಗೆ ಹಾಕಿದರು.