ಮ್ಯೂಟ್ ಎಂದರೆ ಹೆದರುತ್ತಿದ್ದ ಕನ್ನಡ ಟೀಚರ್

ಯಾರು ಮಾತಾಡಿಸಿದರೂ ಟೀಚರ್ ಅಂಗೈ ಎಡಗಿವಿಯ ಹಿಂದೆ ಬಟ್ಟಲಿನಂತೆ ಮಡಚಿಕೊಳ್ಳುತ್ತಿತ್ತು. ಕರೆಂಟಿನ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವರು. ಮಗ್ಗದ ಸದ್ದಿಗೆ ಬಲಗಿವಿ ಚಿಕ್ಕಂದಿನಲ್ಲೇ ಮಂದವಾಗಿತ್ತು. ಅದಕ್ಕೇ ದನಿಯೂ ಜೋರು. ದೊಡ್ಡಬಳ್ಳಾಪುರದ ನಮ್ಮ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಅವರು ಕನ್ನಡ ಟೀಚರ್. ಮನೆಯಲ್ಲಿ ಆಡುತ್ತಿದ್ದದ್ದು ದಖನಿ ಉರ್ದು, ಕನ್ನಡ ಆಡಿ ಆಡಿಯೇ ಕಲಿತದ್ದು. “ಬಾಯಿ ಬಿಡದೆ ಭಾಷೆ ಎಲ್ಲಿಂದ ಬರ್ಬೇಕು ಸಾರ್?” ಎನ್ನುತ್ತಿದ್ದರು.

ಅದು ಕೊರೋನಾ ಕಾಲ. ಮಗ್ಗಗಳು ಮತ್ತೆ ಶುರುವಾಗಿದ್ದವು, ಮಕ್ಕಳಿಗೆ ಶಾಲೆ ತೆರೆದಿರಲಿಲ್ಲ, ಶಿಕ್ಷಕರು ಮಾತ್ರ ಬರುತ್ತಿದ್ದೆವು. ಪಾಠ ಫೋನಿಗೆ ಬಂತು. ಅದರ ಹಿಂದೆಯೇ ತರಬೇತಿಯವರು ಹೊಸ ಪದಗಳ ಮೂಟೆ ಹೊರಿಸಿದರು. ನಾನು ದಿನಾ ಬೆಳಗ್ಗೆ ಕಾಫಿಗೆ ಮೊದಲು ಅವನ್ನು ಬಾಯಿಪಾಠ ಮಾಡಿದೆ. ಟೀಚರ್ ಅವನ್ನು ಮಕ್ಕಳ ತಾಯಂದಿರಿಗೆ ಬಿಡಿಸಿ ಹೇಳಿದರು: “ಸಿಂಕ್ರೊನಸ್ ಅಂದ್ರೆ ಎಲ್ರೂ ಒಟ್ಟಿಗೆ ಕೂತು ಉಣ್ಣೋದು. ಅಸಿಂಕ್ರೊನಸ್ ಅಂದ್ರೆ ನಾನು ಅಡುಗೆ ಮುಚ್ಚಿಟ್ಟು ಹೋಗಿರ್ತೀನಿ, ಬಿಡುವಾದಾಗ ನೀವೇ ಬಡಿಸ್ಕೊಳ್ಳೋದು.”

ಒಂದು ಪದ ಮಾತ್ರ ಅವರಿಗೆ ಆಗುತ್ತಿರಲಿಲ್ಲ: ಮ್ಯೂಟ್. ಮನೆಯ ಮಗ್ಗದ ಸದ್ದು ಕೇಳಿಸೀತೆಂದು ಮಕ್ಕಳು ಮೈಕು ಮುಚ್ಚಿಕೊಂಡೇ ಕೂರುತ್ತಿದ್ದರು.

ಒಂದು ದಿನ ತರಗತಿ ಮುಗಿದದ್ದೇ ನನ್ನ ಕೋಣೆಗೆ ಬಂದರು.

“ಸಾರ್, ಹತ್ತನೇ ಕ್ಲಾಸಿನ ಆ ಉದ್ದ ಜಡೆ ಹುಡುಗಿ ಕ್ಲಾಸಲ್ಲಿಲ್ಲ.”

“ದಿನಾ ಹಾಜರಿ ಬೀಳ್ತಿದೆಯಲ್ಲಮ್ಮ?”

“ಹೆಸರಿದೆ ಸಾರ್, ಹುಡುಗಿ ಇಲ್ಲ. ಫೋನ್ ಗೋಡೆ ಗೂಡಲ್ಲಿಟ್ಟು ನೂಲು ಸುತ್ತೋ ಮಿಷನ್ ಹತ್ರ ನಿಂತಿರ್ತಾಳಂತೆ, ಜೊತೆ ಹುಡುಗೀರು ಹೇಳಿದ್ರು. ಜಡೆ ಬೆಲ್ಟಿಗೆ ಸಿಕ್ಬಿಟ್ರೆ? ಕಿರುಚಿದ್ರೂ ನಮಗೆ ಕೇಳ್ಸಲ್ಲ. ಮ್ಯೂಟ್ ಅಲ್ವಾ ಸಾರ್?”

ಹುಡುಗಿಯ ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. “ಕರೆಂಟ್ ಹೋಗ್ಲಿ ಸಾರ್, ಮಿಷನ್ ನಿಂತಾಗ ಗೊತ್ತಾಗುತ್ತೆ” ಎಂದರು ಟೀಚರ್.

ಮರುದಿನ ನಾನೂ ಟೀಚರ್ ಪಕ್ಕ ಕೂತಿದ್ದೆ; ಪಾಠದ ನಡುವೆಯೇ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು. “ಎಲ್ರೂ ಮೈಕ್ ತೆಗೀರಿ!” ಎಂದು ಟೀಚರ್ ಕೂಗಿದರು. ಒಂದೊಂದೇ ದನಿ ಬಂತು. ಆ ಹುಡುಗಿಯ ಹೆಸರಿನ ಚೌಕ ಮಾತ್ರ ಸುಮ್ಮನಿತ್ತು. ಎರಡು ಸಲ ಕರೆದರು, ಮೂರನೆಯ ಸಲ ಫೋನನ್ನು ಬಾಯಿಯ ಹತ್ತಿರ ಹಿಡಿದು ಕೂಗಿದರು. ಕೊನೆಗೆ ಪಿಸುಮಾತೊಂದು ಕೇಳಿಸಿತು.

“ಮಿಸ್, ಕರೆಂಟ್ ಬಂದ್ರೆ ಹೋಗ್ಬೇಕು.”

“ಜಡೆ ಎತ್ತಿ ಕಟ್ಟಿದ್ದೀಯೇನೇ?”

ಉತ್ತರ ಬರುವ ಮೊದಲೇ ಕರೆಂಟ್ ಬಂತು. ಯಂತ್ರ ಗರ್ರೆಂದಿತು; ಮೈಕು ಮುಚ್ಚಿಹೋಯಿತು.

“ನಡೀರಿ ಸಾರ್.”

ಆ ದಿನದ ವೇಳಾಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟು ಇಬ್ಬರೂ ಹುಡುಗಿಯ ಮನೆಗೆ ಹೊರಟೆವು. ಹೋಗಿ ನೋಡಿದರೆ ಹುಡುಗಿ ಯಂತ್ರದತ್ತ ಬಗ್ಗಿದ್ದಳು. ಜಡೆಯ ತುದಿ ಓಡುವ ಬೆಲ್ಟಿನಿಂದ ಒಂದು ಗೇಣು ದೂರದಲ್ಲಿ ತೂಗುತ್ತಿತ್ತು. ಟೀಚರ್ ಹಿಂದಿನಿಂದ ಹೋಗಿ ಜಡೆ ಹಿಡಿದು, ಸುರುಳಿ ಸುತ್ತಿ, ತಮ್ಮ ತಲೆಯ ಕ್ಲಿಪ್ ತೆಗೆದು ಸಿಕ್ಕಿಸಿದರು.

“ಏನ್ ಮೇಡಂ, ಹಾಜರಿ ಬೀಳ್ತಿದೆಯಲ್ಲ?” ಎಂದ ತಂದೆ.

“ಹಾಜರಿ ನೀವೇ ಇಟ್ಕೊಳ್ಳಿ ಅಣ್ಣಾ, ಹುಡುಗೀನ ನನಗೆ ಕೊಡಿ. ಕ್ಲಾಸಿನ ಹೊತ್ತು ಮಿಷನ್ ನಿಲ್ಸಿ. ಇಲ್ಲಾಂದ್ರೆ ದಿನಾ ಇಲ್ಲೇ ಬಂದು ಕೂತು ಪಾಠ ಮಾಡ್ತೀನಿ. ನನ್ ಗಂಟಲು ಎಂಥದ್ದು ಅಂತ ಗೊತ್ತಲ್ಲ?”

“ಅಯ್ಯೋ, ಬೇಡ ಮೇಡಂ, ನಿಲ್ಲಿಸ್ತೀನಿ.”

ನಿಲ್ಲಿಸಿದ. ಮಾರನೆಯ ದಿನ ಆ ಹುಡುಗಿ ಮೈಕು ತೆರೆದು, ಒಂದು ಪುಟ ಪೂರ್ತಿ ಗಟ್ಟಿಯಾಗಿ ಓದಿದಳು.

ಕೊರೋನಾದ ಎರಡನೆಯ ಅಲೆಯಲ್ಲಿ ಟೀಚರ್ ಹೋಗಿಬಿಟ್ಟರು. ಆಸ್ಪತ್ರೆಯೊಳಗೆ ನಮ್ಮನ್ನು ಯಾರೂ ಬಿಡಲಿಲ್ಲ.

ನಿವೃತ್ತನಾದ ನಾನು ಈಗ ಬೇರೆ ರಾಜ್ಯಗಳಿಂದ ಇಲ್ಲಿಗೆ ದುಡಿಯಲು ಬಂದವರಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತೇನೆ. ತರಗತಿ ಹೇಳಿದ ಸಮಯಕ್ಕೇ ಶುರು. ಆದರೆ ಪರದೆಯ ಹೆಸರನ್ನು ಹಾಜರಿಯೆಂದು ಒಪ್ಪುವುದಿಲ್ಲ. ಒಬ್ಬೊಬ್ಬರನ್ನೂ ಕರೆದು ಕಾಯುತ್ತೇನೆ. ಯಾರಾದರೂ ತಡ ಮಾಡಿದರೆ ಮತ್ತೆ ಕರೆಯುತ್ತೇನೆ. ಕೊನೆಯವರ ದನಿ ಕೇಳುವವರೆಗೆ ಪುಸ್ತಕ ತೆರೆಯಲಾರೆ.