ಬಲಕ್ಕೆ ತಿರುಗುವಾಗ ಎಡಗಾಲು

ಮೊನ್ನೆ ಸೊಸೆ ನನ್ನ ಹಳೆಯ ಟ್ರಂಕನ್ನು ಅಂಗಳದ ಬಿಸಿಲಿಗೆ ಎಳೆದು, ಒಳಗಿದ್ದದ್ದನ್ನೆಲ್ಲ ಕೊಡವಿ ಹರವಿದಳು. ಪೆನ್ಷನ್ ಕಾಗದಗಳ ಅಡಿಯಿಂದ ಖಾಕಿ ಬಟ್ಟೆಯ ಸುರುಳಿಯೊಂದು ಬಿತ್ತು. ಬಿಡಿಸಿದರೆ ಒಂದು ಮೊಳ ಉದ್ದ. ಉದ್ದಕ್ಕೂ ಹತ್ತಿ ತುಂಬಿ ಹೊಲಿದ ಸಣ್ಣ ಸಣ್ಣ ಗೂಡುಗಳು, ಹನ್ನೆರಡು ಖಾಕಿಯವು, ಕೊನೆಯದೊಂದು ಕೆಂಪು. “ಇದೇನ್ ಮಾವ, ಚಮಚ ಇಡೋದಾ?” ಅಂದಳು. ಹೌದು ಅಂದುಬಿಟ್ಟೆ. ಎಲ್ಲವನ್ನೂ ವಿವರಿಸುತ್ತ ಕೂರುವ ಸ್ವಭಾವ ನನ್ನದಲ್ಲ. ಅವಳು ಒಳಗೆ ಹೋದ ಮೇಲೆ ಮೂಗಿಗೆ ಹಿಡಿದು ನೋಡಿದೆ. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಇನ್ನೂ ಇತ್ತು. ಅಥವಾ ಇದೆಯೆಂದು ನನಗೆ ಅನ್ನಿಸಿತೋ...

ಆಗ ಮಹಾರಾಜರ ಸರ್ಕಾರ. ಸಿಡುಬಿಗೆ ದಾಕು ಹಾಕುವ ಕೆಲಸ ಸಿಕ್ಕಿ ನಾನು ಅಜ್ಜಂಪುರಕ್ಕೆ ಬಂದಿದ್ದೆ. ಹೊಸದಾಗಿ ಮದುವೆಯಾಗಿತ್ತು, ಹೊಸದಾಗಿ ಬೂಟು ಕೊಂಡಿದ್ದೆ, ಜಂಬಕ್ಕೇನೂ ಕಡಿಮೆ ಇರಲಿಲ್ಲ. ಲಸಿಕೆ ಗಾಜಿನ ಸಣ್ಣ ಕೊಳವೆಗಳಲ್ಲಿ ತರೀಕೆರೆಯ ಕಚೇರಿಯಿಂದ ಬೀರೂರು ಸುತ್ತಿಕೊಂಡು ರೈಲಿನಲ್ಲಿ ಬರುತ್ತಿತ್ತು. ಅದನ್ನು ಹೆಗಲ ಚೀಲದಲ್ಲಿಟ್ಟುಕೊಂಡು ಅಂತರಘಟ್ಟೆ ಕಡೆಯ ಹಳ್ಳಿಗಳಿಗೆ ಹೋಗಿ ಮಕ್ಕಳ ತೋಳಿಗೆ ಹಾಕಬೇಕು. ಓಡಾಡಲು ನಮ್ಮ ಇನ್‌ಸ್ಪೆಕ್ಟರು ತಾವು ಬಳಸಿ ಬಿಟ್ಟ ಸೈಕಲ್ ಕೊಟ್ಟಿದ್ದರು. ಕೊಡುವಾಗ ಅವರ ಮುಖದಲ್ಲಿ ಕಂಡ ನೆಮ್ಮದಿ ಯಾಕೆಂದು ನನಗೆ ಆಮೇಲೆ ತಿಳಿಯಿತು.

ಆ ಸೈಕಲ್ ಈಗಿನ ಸೈಕಲ್‌ಗಳ ಹಾಗಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲೂ ತಿರುಗಲೇಬೇಕು, ಇಳಿಜಾರಿನಲ್ಲಿ ಕಾಲು ಸುಮ್ಮನಿಟ್ಟು ಕೂರುವ ಸುಖ ಇಲ್ಲ. ಅದರ ಜೊತೆಗೆ ಮುಂದಿನ ಗಾಲಿಗೂ ಪೆಡಲಿಗೂ ನಡುವೆ ಜಾಗ ಬಹಳ ಕಡಿಮೆ. ನೇರವಾಗಿ ಹೋಗುವಾಗ ತೊಂದರೆಯಿಲ್ಲ. ನಿಧಾನವಾಗಿ ಮೂಲೆ ತಿರುಗಿಸಿದಿರೋ, ಗಾಲಿ ಓರೆಯಾಗಿ ಬಂದು ಬೂಟಿನ ತುದಿಗೆ ಒದೆಯುತ್ತಿತ್ತು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳೋಣವೆಂದರೆ ಪೆಡಲು ಬಿಡುವುದಿಲ್ಲ, ಮುಂದಕ್ಕೇ ತಳ್ಳುತ್ತದೆ. ಆಮೇಲೆ ಧೊಪ್ಪನೆ ಬೀಳುವುದೊಂದೇ ದಾರಿ.

ಸ್ಟೇಷನ್ನಿನಿಂದ ಬಂದ ರಸ್ತೆ ಪೇಟೆಯ ಕೊನೆಯಲ್ಲಿ, ಎತ್ತುಗಳು ನೀರು ಕುಡಿಯುವ ಕಲ್ಲುಬಾನಿಯ ಹತ್ತಿರ, ತಟ್ಟನೆ ಬಲಕ್ಕೆ ತಿರುಗುತ್ತಿತ್ತು. ನಾನು ಬೀಳುತ್ತಿದ್ದದ್ದು ಅಲ್ಲೇ. ಬಾನಿಗೆ ಎದುರಾಗಿ ಒಂದು ಜಗಲಿ. ಜಗಲಿಯ ಮೇಲೆ ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ ಇಟ್ಟುಕೊಂಡು ದರ್ಜಿ ಕೂತಿರುತ್ತಿದ್ದರು. ಕಡೂರು ಕಡೆಯವರು, ಐವತ್ತರ ಆಸುಪಾಸು, ಹೆಂಡತಿ ಇರಲಿಲ್ಲ, ಆ ಜಗಲಿಯ ಹಿಂದಿನ ಕೋಣೆಯಲ್ಲೇ ಒಬ್ಬರೇ ವಾಸ. ನನ್ನ ಮೂರನೆಯ ಪತನವನ್ನೋ ನಾಲ್ಕನೆಯದನ್ನೋ ನೋಡಿ ಮಿಷನ್ ನಿಲ್ಲಿಸಿದರು.

“ಅಲ್ಲ ಸ್ವಾಮಿ, ದಿನಾ ಅಲ್ಲೇ ಬೀಳ್ತೀರಲ್ಲ, ಬಾನಿಗೇನಾದ್ರೂ ಹರಕೆ ಹೊತ್ತಿದೀರಾ?”

ಪೇಟೆಯೆಲ್ಲ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಆದರೆ ಚೀಲ ಬಿಚ್ಚಿ ನೋಡಿದಾಗ ಉರಿ ಇಳಿದು ಭಯ ಹತ್ತಿತು. ಐದು ಕೊಳವೆ ಒಡೆದಿದ್ದವು. ಅವರೇ ನನ್ನನ್ನು ಜಗಲಿಗೆ ಕೂರಿಸಿ, ಮಂಡಿಯ ಗಾಯಕ್ಕೆ ಒದ್ದೆ ಬಟ್ಟೆ ಕೊಟ್ಟು, ಗಾಜಿನ ಚೂರುಗಳನ್ನು ನೋಡುತ್ತ ಮೆಲ್ಲಗೆ ಕೇಳಿದರು: ವಯಸ್ಸಾದವರಿಗೂ ಇದನ್ನು ಹಾಕುತ್ತೀರಾ?

ಅವರ ಮುಖವನ್ನು ಆಗ ಸರಿಯಾಗಿ ನೋಡಿದೆ. ನುಣ್ಣಗಿತ್ತು, ಒಂದು ಕುಳಿಯೂ ಇರಲಿಲ್ಲ. ಅಂದರೆ ಸಿಡುಬಿನ ಅಮ್ಮ ಅವರ ಮೈಮೇಲೆ ಒಮ್ಮೆಯೂ ಬಂದಿರಲಿಲ್ಲ, ಬರುವುದಾದರೆ ಇನ್ನೂ ಬರಬಹುದು. ಅವರ ಅಣ್ಣನೂ ದರ್ಜಿಯಂತೆ. ಅಮ್ಮ ಬಂದು ಹೋಗುವಾಗ ಎರಡೂ ಕಣ್ಣು ತೆಗೆದುಕೊಂಡು ಹೋದಳಂತೆ. “ಸಾಯೋದಕ್ಕೆ ಹೆದರ್ಕೆ ಇಲ್ಲ ಕಣ್ರೀ. ಕಣ್ಣು ಹೋದ್ರೆ ಸೂಜಿಗೆ ದಾರ ಪೋಣ್ಸೋರ್ ಯಾರು?” ಅಂದರು.

ಮೊದಲು ಮಕ್ಕಳಿಗೆ, ಮಿಕ್ಕರೆ ನಿಮಗೆ, ಅಂದೆ. ನಿಯಮವೇ ಹಾಗಿತ್ತು. ಅವರು ಚೂರುಗಳ ಕಡೆ ಕೈ ತೋರಿಸಿದರು. “ಹಿಂಗೆ ಒಡ್ಕೊಂಡ್ ಕೂತ್ರೆ ಎಲ್ಲಿಂದ ಮಿಕ್ತದೆ ಸ್ವಾಮಿ?”

ಮಾರನೆಯ ದಿನದಿಂದ ಅವರು ನನ್ನ ಕಾಲನ್ನು ನೋಡತೊಡಗಿದರು. ಜನ್ಮದಲ್ಲಿ ಸೈಕಲ್ ಹತ್ತಿದವರಲ್ಲ. ಆದರೆ ಇಪ್ಪತ್ತು ವರ್ಷ ಮಿಷನ್ ತುಳಿದವರು, ಕಾಲಿನ ವಿಷಯ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎರಡು ದಿನ ನೋಡಿ ತೀರ್ಪು ಕೊಟ್ಟರು. ಒಂದು, ನಾನು ಪಾದದ ನಡುಭಾಗದಿಂದ ತುಳಿಯುತ್ತೇನೆ, ಅದಕ್ಕೇ ಬೂಟು ನಾಲ್ಕು ಬೆರಳು ಮುಂದಕ್ಕೆ ಚಾಚಿರುತ್ತದೆ. ಬೆರಳ ಬುಡದಿಂದ ತುಳಿಯಬೇಕು. ಎರಡು, ಬಲಕ್ಕೆ ತಿರುಗುವಾಗ ಗಾಲಿಯ ಹಿಂಭಾಗ ಎಡಕ್ಕೆ ಬರುತ್ತದೆ. ಆ ಹೊತ್ತಿಗೆ ಎಡಗಾಲು ಮುಂದಿದ್ದರೆ ಒದೆ ತಪ್ಪಿದ್ದಲ್ಲ.

“ಕಾಲೆಲ್ಲಿದೆ ಅಂತ ಮೂಲೆಗ್ ಬಂದ್ಮೇಲೆ ನೋಡಿದ್ರೆ ಏನ್ ಬಂತು?” ಎಂದು ಕೊರಳಿನ ಅಳತೆಪಟ್ಟಿ ತೆಗೆದರು. ಪೆಡಲು ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಎಷ್ಟು ದೂರ ಹೋಗುತ್ತದೆಂದು ನಡುಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅಳೆದರು. ಐದೂವರೆ ಗಜ. ಬಿಡುವ ಹಾಗಿಲ್ಲದ ಪೆಡಲಾದ್ದರಿಂದ ಅದು ಎಂದೂ ಹೆಚ್ಚುಕಡಿಮೆ ಆಗುವುದಿಲ್ಲ. ಆಮೇಲೆ ಬಾನಿಯಿಂದ ಹಿಂದಕ್ಕೆ ಐದೂವರೆ ಗಜಕ್ಕೊಂದರಂತೆ ಗುರುತು ಹಾಕುತ್ತ ಹೋಗಿ, ಒಂದು ಅಂಗಡಿಯ ಮೆಟ್ಟಿಲ ಹತ್ತಿರ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರು. ಅಲ್ಲಿ ಇಳಿಯಬೇಕು. ಬಲಗಾಲು ಮುಂದಿಟ್ಟು ಮತ್ತೆ ಹತ್ತಬೇಕು. ಬಾನಿಯ ಹತ್ತಿರ ಬಂದಾಗ ಬಲಗಾಲೇ ಮುಂದಿರುತ್ತದೆ.

ಹಾಗೇ ಮಾಡಿದೆ, ಆದರೂ ಬಿದ್ದೆ. ಮೂಲೆ ಮುಗಿಯುವುದರೊಳಗೆ ಎಡಗಾಲು ಮುಂದೆ ಬಂದುಬಿಟ್ಟಿತ್ತು. ಅವರು ತಲೆ ಚಚ್ಚಿಕೊಂಡರು. ಜಗಲಿಗೆ ಕರೆದು ಒಂದು ಅಂಗಿಯ ಕಾಲರನ್ನು ಮಿಷನ್ನಿಗೆ ಕೊಟ್ಟು ತೋರಿಸಿದರು. ಕಾಲರಿನ ಮೂಲೆಯಲ್ಲಿ ಬಟ್ಟೆಯನ್ನು ಸುಮ್ಮಸುಮ್ಮನೆ ತಿರುಗಿಸುವುದಿಲ್ಲ. ಸೂಜಿ ಕೆಳಗೆ ಇಳಿದು ಬಟ್ಟೆ ಕಚ್ಚಿಕೊಂಡಾಗ ಮಾತ್ರ ಸ್ವಲ್ಪ ತಿರುಗಿಸುವುದು, ಸೂಜಿ ಮೇಲೆದ್ದಾಗ ಕೈ ತಡೆಯುವುದು, ಇಳಿದಾಗ ಮತ್ತೆ ತಿರುಗಿಸುವುದು. ನನ್ನ ತಲೆಗೆ ಹೋಯಿತು. ಬಲಗಾಲು ಮುಂದಿದ್ದಾಗ ತಿರುಗಿಸು, ಎಡಗಾಲು ಮುಂದೆ ಬರುವಷ್ಟರಲ್ಲಿ ಹ್ಯಾಂಡಲ್ ನೇರ ಮಾಡು, ಮತ್ತೆ ಬಲಗಾಲು ಬಂದಾಗ ಉಳಿದದ್ದು. ಮೂಲೆಯನ್ನು ಎರಡು ತುಂಡು ಮಾಡಿಕೊಂಡು ತಿರುಗಿದೆ. ಬೀಳಲಿಲ್ಲ. ದರ್ಜಿ ಜಗಲಿಯ ಮೇಲೆ ಎದ್ದು ನಿಂತು “ಭಪ್ಪರೇ!” ಅಂದರು.

ಆ ವಾರವೇ ಕೊಳವೆಗಳನ್ನು ಇಡಲು ಈ ಖಾಕಿ ಚೀಲ ಹೊಲಿದುಕೊಟ್ಟರು. ಕೊನೆಯ ಗೂಡು ಯಾಕೆ ಕೆಂಪು ಎಂದು ಕೇಳಿದ್ದಕ್ಕೆ, ಅದು ಮಿಕ್ಕಿದ್ದಕ್ಕೆ ಅಂದರು. ಯಾರಿಗೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ನಾನು ಬೀಳಲಿಲ್ಲ. ಬೀಳದ ಮೇಲೆ ಆ ಜಗಲಿಯ ಮುಂದೆ ನಿಲ್ಲುವ ಕಾರಣವೂ ಹೋಯಿತು. ಸೀಮೆಸುಣ್ಣದ ಗೆರೆ ಅಳಿಸಿಹೋಯಿತು, ನನಗೆ ಅದು ಬೇಕಾಗಿಯೂ ಇರಲಿಲ್ಲ. ಗತ್ತಿನಿಂದ ಮೂಲೆ ತಿರುಗುತ್ತಿದ್ದೆ. ಅವರು ಹೊಲಿಯುತ್ತಲೇ ನನ್ನ ಕಾಲನ್ನು ನೋಡಿ ತಲೆಯಾಡಿಸುತ್ತಿದ್ದರು. ಒಂದೆರಡು ಸಲ ಕೈಯೆತ್ತಿ ಏನೋ ಕೇಳುವವರಂತೆ ಕಂಡರು. ಬರ್ತಾ ಸಿಕ್ತೀನಿ ಯಜಮಾನ್ರೇ, ಎಂದು ಕೂಗಿ ಹೋಗುತ್ತಿದ್ದೆ. ಬರುವಾಗ ಕತ್ತಲಾಗಿರುತ್ತಿತ್ತೋ, ಹಸಿವಾಗಿರುತ್ತಿತ್ತೋ...

ಮರುತಿಂಗಳ ಕೊನೆಗೆ ಹಳ್ಳಿಗಳ ಪಟ್ಟಿ ಮುಗಿದು ಒಂದು ಕೊಳವೆ ಮಿಕ್ಕಿತು. ಕೆಂಪು ಗೂಡಿನಲ್ಲೇ ಇಟ್ಟೆ. ಅವರ ನೆನಪಾಗಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ನೆನಪಾಯಿತು. ಆದರೆ ಒಂದೂ ಒಡೆಯದೆ ಒಂದು ಉಳಿಸಿ ತಂದೆನೆಂದು ಇನ್‌ಸ್ಪೆಕ್ಟರ ಮೇಜಿನ ಮೇಲೆ ಇಟ್ಟು ತೋರಿಸುವ ಚಪಲ ಹೆಚ್ಚಾಯಿತು. ಮುಂದಿನ ತಿಂಗಳು ಇನ್ನೊಂದು ಮಿಗುತ್ತದೆ, ಅದನ್ನು ಅವರಿಗೆ ಹಾಕಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ತರೀಕೆರೆಗೆ ಹೋದೆ, ಶಭಾಷ್ ಅನ್ನಿಸಿಕೊಂಡೆ. ಹಾಗೇ ರಜಾ ಪಡೆದು ಮಾವನ ಮನೆಯಲ್ಲಿ ಐದು ವಾರ ಉಂಡು ಬಂದೆ.

ವಾಪಸು ಬಂದ ದಿನ ಅಜ್ಜಂಪುರದ ಪೇಟೆಯಲ್ಲಿ ನಾಲ್ಕೈದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಬಾನಿಯ ಮೂಲೆಯನ್ನು ಎಂದಿನಂತೆ ಎರಡು ತುಂಡಾಗಿ ತಿರುಗಿದೆ. ಆ ಜಗಲಿಯ ಬಾಗಿಲಿಗೂ ಬೇವು ಇತ್ತು, ಒಣಗಿತ್ತು. ಮಿಷನ್ನಿನ ಮೇಲೆ ಹೊದಿಕೆ. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ಸೂಜಿ ಮುಟ್ಟುವುದಿಲ್ಲ. ಅವರು ಗೋಡೆಗೊರಗಿ ಕೂತಿದ್ದರು. ಆ ನುಣ್ಣನೆಯ ಮುಖದ ತುಂಬ ಕುಳಿ. ಕಣ್ಣುಗಳ ಮೇಲೆ ಬಿಳಿ ಪೊರೆ.

ನಾನು ಮಾತಾಡುವ ಮೊದಲೇ ಅವರು ನಕ್ಕರು. “ಗಾಲಿ ತಾಗ್ಲಿಲ್ಲ ಅಲ್ವಾ ಸ್ವಾಮಿ? ಕಿವಿಗೇ ಗೊತ್ತಾಯ್ತು. ಮೂಲೆ ಚೆನ್ನಾಗ್ ತಿರುಗ್ತು.”

ಹತ್ತಿರ ಕೂತೆ. ಬಹಳ ದಿನಗಳ ಮೇಲೆ ಆ ಜಗಲಿಯ ಮೇಲೆ ಕೂತಿದ್ದೆ. ಅವರು ಕೇಳಿದರು, “ಹೋದ್ ಸಲ ಒಂದೂ ಮಿಗಲಿಲ್ವಾ?”

“ಇಲ್ಲ ಯಜಮಾನ್ರೇ,” ಅಂದೆ.

“ಹೋಗ್ಲಿ ಬಿಡಿ. ಮಕ್ಕಳಿಗಾಯ್ತಲ್ಲ.”

ಆ ವಾರದಲ್ಲೇ ಕಡೂರಿನಿಂದ ಯಾರೋ ನೆಂಟರು ಗಾಡಿ ಕಟ್ಟಿಕೊಂಡು ಬಂದು ಅವರನ್ನೂ ಮಿಷನ್ನನ್ನೂ ಕರೆದೊಯ್ದರು. ನಾನು ಹಳ್ಳಿಗಳ ಸುತ್ತಿನಲ್ಲಿದ್ದೆ. ಮುಂದೆ ಕಡೂರಿಗೆ ಎಷ್ಟೋ ಸಲ ಹೋದೆ, ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಸಿಗುತ್ತಿದ್ದರೇನೋ... ಅದಕ್ಕೇ ವಿಚಾರಿಸಲಿಲ್ಲ. ನನ್ನ ಸರ್ವೀಸಿನಲ್ಲಿ ಸಾವಿರಾರು ತೋಳು ನೋಡಿದ್ದೇನೆ, ಒಳ್ಳೆಯ ಹೆಸರಿನಿಂದಲೇ ನಿವೃತ್ತನಾದೆ. ಈಗ ಅವರು ಬದುಕಿರುವ ಮಾತಿಲ್ಲ. ಕ್ಷಮೆ ಕೇಳೋಣವೆಂದರೂ ಆ ಕಾಲ ದಾಟಿದೆ.

ಸಂಜೆ ಅಡಿಗೆಮನೆಗೆ ಹೋದಾಗ ಸೊಸೆ ಆ ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಗೂಡುಗಳಿಗೆ ಒಂದೊಂದಾಗಿ ಚಮಚ ಸಿಕ್ಕಿಸುತ್ತಿದ್ದಳು. ಖಾಕಿ ಗೂಡುಗಳ ಹತ್ತಿ ವರ್ಷಗಟ್ಟಲೆ ಬಳಸಿ ಚಪ್ಪಟೆಯಾಗಿತ್ತು, ಚಮಚಗಳು ಸಲೀಸಾಗಿ ಹೋದವು. ಕೆಂಪು ಗೂಡಿಗೆ ಮಾತ್ರ ತೂರುತ್ತಿರಲಿಲ್ಲ. ಆ ಒಂದು ಸಲದ ನಂತರ ನಾನು ಅದರಲ್ಲಿ ಏನನ್ನೂ ಇಟ್ಟಿರಲಿಲ್ಲ. ಹತ್ತಿ ಅವರು ತುಂಬಿದ ಹಾಗೇ ಉಬ್ಬಿಕೊಂಡಿತ್ತು.

“ಇದ್ಯಾಕೋ ಬಿಗಿ ಮಾವ,” ಎಂದು ಅವಳು ಒತ್ತುತ್ತಿದ್ದಳು.

“ಅದನ್ನ ಬಿಡಮ್ಮ,” ಅಂದೆ. “ಅದು ನಮ್ದಲ್ಲ.”