ಸಂಗವ್ವ ದೊಡ್ಡವ್ವನ ನಿದ್ದೆ

ನಮ್ಮ ಸಂಗವ್ವ ದೊಡ್ಡವ್ವ ಮಾತಿನ ನಡುವೆಯೇ ನಿದ್ದೆ ಹೋಗುತ್ತಿದ್ದಳು. ತೂಕಡಿಸುವವರು ಎಲ್ಲರ ಮನೆಯಲ್ಲೂ ಇರುತ್ತಾರೆ. ಇವಳ ರೀತಿ ಬೇರೆ. "ಮ್ಯಾಗಿನ ಓಣಿ ನಿಂಗವ್ವನ ಮಗಳನ್ನ ನೋಡಾಕ ಬಂದೋರು..." ಎನ್ನುವಷ್ಟರಲ್ಲಿ ಗದ್ದ ಎದೆಗೆ ಇಳಿದು ಗೊರಕೆ ಶುರುವಾಗುತ್ತಿತ್ತು. ಎರಡು ನಿಮಿಷಕ್ಕೋ ಐದು ನಿಮಿಷಕ್ಕೋ ತಲೆ ಎತ್ತಿ, "...ಚಹಾನೂ ಕುಡೀಲಾರದ ಹೋದ್ರಂತ" ಎಂದು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು. ನಡುವೆ ತಾನು ಇರಲಿಲ್ಲ ಎಂಬುದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಅವಳು ಹೇಳುವ ಸುದ್ದಿಗೆ ರುಚಿ ಇರುತ್ತಿದ್ದುದರಿಂದ ಕೇಳುತ್ತ ಕೂತ ಹೆಂಗಸರು ಏಳದೆ ಕಾಯುತ್ತಿದ್ದರು. ನಾವು ಮಕ್ಕಳು ಇದೂ ಅವಳಿಗೆ ಬರುವ ಒಂದು ವಿದ್ಯೆ ಎಂದುಕೊಂಡಿದ್ದೆವು. ಅದು ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಅವಳಿಗೆ ಅರವತ್ತು ದಾಟಿತ್ತು.

ಅವಳು ನನ್ನ ಅವ್ವನ ಅಕ್ಕ. ಮನೆ ಇಳಕಲ್ಲಿನಲ್ಲಿ. ಗಂಡ ಮಹಾಂತಪ್ಪ ದೊಡ್ಡಪ್ಪ ಅದೇ ಊರಿನಲ್ಲಿ ಪೋಸ್ಟ್‌ಮನ್ ಆಗಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ನಮ್ಮ ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ಹೈಸ್ಕೂಲಿನ ಮೂರು ವರ್ಷ ನಾನು ಅವರ ಮನೆಯಲ್ಲೇ ಬೆಳೆದೆ. ಪಡಸಾಲೆಯಲ್ಲಿ ನನ್ನ ಹಾಸಿಗೆ, ಒಳಕೋಣೆಯಲ್ಲಿ ಅವರದು. ದೊಡ್ಡವ್ವನ ಗೊರಕೆಯ ನಡುವೆ ಆಗಾಗ ದೊಡ್ಡಪ್ಪನ ಮೆಲುದನಿ ಕೇಳುತ್ತಿತ್ತು: "ಹೊಳ್ಳು, ಮಗ್ಗಲಾ ಹೊಳ್ಳಿ ಮಲಗು." ಪಾಪ, ಗದ್ದಲಕ್ಕೆ ಅವರಿಗೆ ನಿದ್ದೆ ಬರುವುದಿಲ್ಲ ಎಂದುಕೊಂಡು ನಾನು ಚಾದರ ಎಳೆದುಕೊಳ್ಳುತ್ತಿದ್ದೆ.

ದೊಡ್ಡವ್ವ ಕುಪ್ಪಸ ಹೊಲಿಯುತ್ತಿದ್ದಳು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸ ಆಗಬೇಕೆನ್ನುವ ಹಿರಿಯ ಹೆಂಗಸರೆಲ್ಲ ಅವಳ ಗಿರಾಕಿಗಳು. ಅವಳು ಟೇಪು ಹಿಡಿಯುವುದು ಹೆಸರಿಗೆ ಮಾತ್ರ. ಬಂದವರ ಬೆನ್ನ ಮೇಲೆ ಅಂಗೈ ಆಡಿಸಿ, ರಟ್ಟೆ ಹಿಡಿದು ನೋಡಿ, ಕತ್ತರಿ ತೆಗೆದುಕೊಳ್ಳುತ್ತಿದ್ದಳು. ಬಿಗಿಯಾಗಿ ಹೊಲಿಯಲು ಹೇಳುವ ಹರೆಯದವರಿಗೆ ಅವಳ ಮಾತು ಒಂದೇ: "ಮೈಗೆ ಒಂದ ಬೆರಳಷ್ಟ ಜಾಗಾ ಬಿಡಬೇಕವ್ವ. ಬಿಡಲಿಲ್ಲಂದ್ರ ಹೊಲಿಗಿ ತಾನ ಬಾಯಿ ಬಿಡತೈತಿ."

ನಾನು ಬಾಗಲಕೋಟೆಯಲ್ಲಿ ಟೀಚರಾಗಿ ಹತ್ತು ವರ್ಷ ಕಳೆದ ಮೇಲೆ ನಡೆದದ್ದು ಇದು. ಒಂದು ಮಧ್ಯಾಹ್ನ ಹೊಲಿಯುತ್ತ ಕೂತವಳು ಹಾಗೇ ನಿದ್ದೆ ಹೋಗಿದ್ದಾಳೆ. ಕಾಲು ಪೆಡಲಿನ ಮೇಲಿತ್ತು, ಬೆರಳು ಬಟ್ಟೆಯ ಮೇಲಿತ್ತು. ಸೂಜಿ ತೋರುಬೆರಳಿನ ಉಗುರು ಸೀಳಿ ಕೆಳಗೆ ಇಳಿಯಿತು. ದೊಡ್ಡಪ್ಪ ಬಂದು ಹೊಲಿಗೆ ಮಷಿನ್ನಿನ ಗಾಲಿಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಸೂಜಿ ಮೇಲೆತ್ತುವಾಗ, ಖಣಕ್ಕೆ ರಕ್ತ ಹತ್ತಿತೇನೋ ನೋಡಿ ಎಂದಳಂತೆ. ರವಿವಾರ ನಾನು ಹೋದಾಗ ಬೆರಳಿಗೆ ದಪ್ಪನೆಯ ಪಟ್ಟಿ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಅಂದೇ ಇಬ್ಬರನ್ನೂ ಬಾಗಲಕೋಟೆಗೆ ಕರೆತಂದೆ.

ಅಲ್ಲಿ ತೋರಿಸಿದ ಡಾಕ್ಟರು ಸಮಾಧಾನದ ಮನುಷ್ಯ. ಎಲ್ಲ ಕೇಳಿಕೊಂಡು, ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ ಎಂದರು. ದೊಡ್ಡವ್ವ ನಕ್ಕು, ಉಸಿರು ನಿಂತಿದ್ದರೆ ನಿಮ್ಮ ತನಕ ಹೇಗೆ ಬರುತ್ತಿದ್ದೆ ಎಂದು ಅವರನ್ನೇ ಕೇಳಿದಳು. ಬಾಗಿಲ ಬಳಿಯ ಕುರ್ಚಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂತಿದ್ದ ದೊಡ್ಡಪ್ಪ ಮೊದಲ ಸಲ ಬಾಯಿ ತೆರೆದರು.

"ನಿಲ್ಲತೈತ್ರಿ."

ನಾವೆಲ್ಲ ಅವರತ್ತ ತಿರುಗಿದೆವು.

"ಮೂವತ್ತು ಎಣಸೂತನಕ ನೋಡ್ತೇನ್ರಿ. ಒಮ್ಮೊಮ್ಮೆ ನಲವತ್ತಕ್ಕ ಹೋಗತೈತಿ. ಆಮ್ಯಾಲ ಭುಜಾ ಹಿಡದು ಅಳ್ಳಾಡಸ್ತೇನಿ. ಉಸರು ತಗೋತಾಳ್ರಿ."

ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು. ಇಪ್ಪತ್ತೈದು ವರ್ಷವಾಗಿರಬೇಕು ಎಂದರು ದೊಡ್ಡಪ್ಪ. ದೊಡ್ಡವ್ವ ಗಂಡನ ಮುಖ ನೋಡಿದಳು. "ನನಗ್ಯಾಕ ಹೇಳಲಿಲ್ಲ?" ಎಂದಳು.

"ಹೇಳಿದ್ರ ನೀ ಮಲಗ್ತಿದ್ದೇನು?"

ಓಣಿಯಲ್ಲಿ ಜನ ಅವರನ್ನು ತೂಕಡಿಕೆಯ ಜೋಡಿ ಎಂದು ನಗುತ್ತಿದ್ದರು. ಟಪಾಲು ಹಂಚಿ ಬಂದ ದೊಡ್ಡಪ್ಪ ಮಧ್ಯಾಹ್ನ ಗೋಡೆಗೆ ಒರಗಿ ಚೀಲ ತೊಡೆಯ ಮೇಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದುದು ಏಕೆಂದು ನನಗೆ ಆ ದಿನ ತಿಳಿಯಿತು.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮೈಗೆಲ್ಲ ವಾಯರು ಹಚ್ಚಿ ಮಲಗಿಸಿ ಪರೀಕ್ಷೆ ಮಾಡಿದರು. ಉಸಿರಿನ ಮಷಿನ್ ಬೇಕೇ ಬೇಕು ಎಂದಾಯಿತು. ರೊಟ್ಟಿಯ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಅದರಿಂದ ಒಂದು ಪೈಪು. ಪೈಪಿನ ತುದಿಗೆ ಮೂಗಿನ ಮೇಲೆ ಕೂರುವ ಮೆತ್ತನೆಯ ಮಾಸ್ಕು. ರಾತ್ರಿಯೆಲ್ಲ ಅದು ಗಾಳಿ ಒತ್ತಿ ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಮೊದಲು ಹಗಲು ಹೊತ್ತು ಕೂತಲ್ಲೇ ಹಾಕಿಕೊಂಡು ರೂಢಿ ಮಾಡಿಕೊಳ್ಳಬೇಕೆಂದು ಹೇಳಿದ್ದರು. ಮಾಸ್ಕು ಹಾಕಿಕೊಂಡೇ ಹೊಲಿಯುತ್ತ ಕೂತ ಅವಳನ್ನು ನೋಡಿ ಗಿರಾಕಿಗಳು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು. ಹೇಗಿದೆ ಎಂದು ನಾನು ಫೋನಿನಲ್ಲಿ ಕೇಳಿದರೆ, "ಮಲಕೊಂಡಲ್ಲೇ ಮೋಟರ್ ಸೈಕಲ್ ಮ್ಯಾಲ ಹೊಂಟಂಗ ಆಗತೈತಿ" ಎಂದಳು.

ತೊಂದರೆ ಗಾಳಿ ಸೋರುವುದರಲ್ಲಿತ್ತು. ಮಾಸ್ಕಿನ ಎಡ ಅಂಚಿನಿಂದ ಸುಂಯ್ ಎಂದು ಗಾಳಿ ಹೊರಟು ನೇರ ಕಣ್ಣಿಗೆ ಬಡಿಯುತ್ತಿತ್ತು. ಬೆಳಿಗ್ಗೆ ಎಡಗಣ್ಣು ಕೆಂಪು. ಮಷಿನ್ ಕೊಟ್ಟವನು ಬಂದು ತಲೆಯ ಹಿಂದಿನ ಪಟ್ಟಿಗಳನ್ನು ಜಗ್ಗಿ ಬಿಗಿ ಮಾಡಿ ಹೋದ. ಕೆನ್ನೆಯ ಮೇಲೆ ಬರೆ ಎದ್ದವೇ ಹೊರತು ಸೋರುವುದು ನಿಲ್ಲಲಿಲ್ಲ, ಇನ್ನೂ ಹೆಚ್ಚಾಯಿತು. ನಾಲ್ಕನೆಯ ದಿನ ದೊಡ್ಡವ್ವ ಆ ಪಟ್ಟಿಗಳನ್ನೆಲ್ಲ ಬಿಚ್ಚಿ ತೊಡೆಯ ಮೇಲೆ ಹರಡಿಕೊಂಡಳು. ಹಳೆಯ ನೂಲಿನ ಸೀರೆ ಹರಿದು ಅವಕ್ಕೆ ಮೆತ್ತನೆಯ ಹೊದಿಕೆ ಹೊಲಿದಳು. ಮಾಸ್ಕು ಹಾಕಿ, ಮಲಗಿ, ಗಾಳಿ ಬಿಟ್ಟುಕೊಂಡು, ದೊಡ್ಡಪ್ಪನ ಕೈಯಿಂದ ಒಂದೊಂದೇ ಪಟ್ಟಿಯನ್ನು ಸಡಿಲ ಮಾಡಿಸಿದಳು. ಬಲಗಡೆ ಸದ್ದು ನಿಂತೇಹೋಯಿತು.

ಎಡಗಡೆ ನಿಲ್ಲಲಿಲ್ಲ. ಅಲ್ಲಿ ಅವಳ ಏಳು ಹರಳಿನ ಮೂಗುತಿ ಇತ್ತು. ಅದರ ಅಂಚು ಮಾಸ್ಕನ್ನು ಜೋಳದ ಕಾಳಿನಷ್ಟು ಎತ್ತುತ್ತಿತ್ತು. ನಮಗೆಲ್ಲ ಹೊಳೆಯುವ ಮೊದಲೇ ಅವಳಿಗೆ ಅದು ಗೊತ್ತಾಗಿತ್ತು, ಹೇಳಿರಲಿಲ್ಲ ಅಷ್ಟೆ. ಮದುವೆಯಲ್ಲಿ ಹಾಕಿದ ಮೂಗುತಿ, ಅಂದಿನಿಂದ ಒಂದು ದಿನವೂ ತೆಗೆದಿರಲಿಲ್ಲ. ನಾನು ಕ್ಲಾಸಿನಲ್ಲಿ ಮಾತಾಡುವ ದನಿಯಲ್ಲಿಯೇ ಅವಳಿಗೆ ಬುದ್ಧಿ ಹೇಳಿದೆ. ಒಂದು ಮೂಗುತಿಯ ಸಲುವಾಗಿ ಜೀವ ಕಳಕೊಳ್ಳುತ್ತೀಯೇನು ಎಂದೂ ಅಂದೆ. ಅವಳು ಮೂಗುತಿಯನ್ನು ಬೆರಳಿನಿಂದ ಮುಚ್ಚಿಕೊಂಡಳು. ದೊಡ್ಡಪ್ಪ ಮಾತ್ರ ಮೆಲ್ಲಗೆ, "ತಗದಬಿಡು. ಅದನ್ನ ಹಾಕಿದಾಂವ ನಾ ಅಲ್ಲ, ನಿಮ್ಮಪ್ಪ. ನನಗ ನೀ ಇದ್ರ ಸಾಕು" ಎಂದರು.

ತಿರುಪು ಜಂಗು ಹಿಡಿದಂತಾಗಿತ್ತು. ಅಕ್ಕಸಾಲಿಗ ಎಣ್ಣೆ ಬಿಟ್ಟು ಬಹಳ ಹೊತ್ತು ಒದ್ದಾಡಿ ತೆಗೆದ. ದಿನಾ ತೆಗೆದು ಹಾಕುವಂಥದ್ದಲ್ಲ ಎಂದೂ ಹೇಳಿದ. ಅದನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಳು. ಆ ರಾತ್ರಿ ಎಡಗಡೆಯ ಸದ್ದೂ ನಿಂತಿತು. ಅದೇ ವಾರ ಹುನಗುಂದದಿಂದ ಬಂದ ದೊಡ್ಡಪ್ಪನ ಅಕ್ಕ ಗುರವ್ವತ್ತಿ ಅವಳ ಮುಖ ನೋಡಿದವಳೇ, ಗಂಡ ಇರುವವಳು ಮೂಗು ಬೋಳು ಮಾಡಿಕೊಳ್ಳುವುದೆಂದರೇನು ಎಂದು ಓಣಿಗೆಲ್ಲ ಕೇಳುವಂತೆ ಅಂದಳು. ದೊಡ್ಡಪ್ಪ ನಕ್ಕು ಅವಳಿಗೆ ಚಹಾ ಕೊಟ್ಟರು.

ಆಮೇಲಿನ ಎಂಟು ತಿಂಗಳು ಅವರಿಬ್ಬರ ಬಾಳಿನ ಒಳ್ಳೆಯ ದಿನಗಳು ಎಂದು ನನಗನ್ನಿಸುತ್ತದೆ. ದೊಡ್ಡವ್ವ ಒಂದು ಸುದ್ದಿಯನ್ನು ಆರಂಭದಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೇಳತೊಡಗಿದಳು. ದೊಡ್ಡಪ್ಪ ಬಿಸಿಲು ಅಂಗಳಕ್ಕೆ ಬರುವವರೆಗೆ ಮಲಗತೊಡಗಿದರು. ಒಮ್ಮೆ ಅವರಿಬ್ಬರನ್ನೂ ಬಾದಾಮಿಗೆ, ಬನಶಂಕರಿ ದರ್ಶನಕ್ಕೆಂದು ಬಸ್ಸಿನಲ್ಲಿ ಕರೆದೊಯ್ದೆ. ಅವಳು ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದಳು. ಆದರೆ ಬಸ್ಸು ಇಳಕಲ್ ಬಿಡುವ ಮೊದಲೇ ಕಣ್ಣು ಮುಚ್ಚಿ, ಇಳಿಯುವಾಗ ತೆರೆಯುತ್ತಿದ್ದವಳು. ಈ ಸಲ ಕಿಟಕಿ ಬಿಡಲಿಲ್ಲ. ಅಮೀನಗಡ ದಾಟಿ ಗುಳೇದಗುಡ್ಡದ ಕೆಂಪು ಬೆಟ್ಟ ಕಂಡಾಗ, ಇದು ಯಾವಾಗಿನಿಂದ ಇಲ್ಲಿದೆ ಎಂದು ಗಂಡನನ್ನು ಕೇಳಿದಳು. ನೀ ಎಚ್ಚರಾದಾಗಿನಿಂದ ಎಂದರು ದೊಡ್ಡಪ್ಪ. ಪಕ್ಕದ ಸೀಟಿನವರೂ ನಕ್ಕರು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವಳು ಎದ್ದು, ಮಾಸ್ಕು ತೆಗೆದಿಟ್ಟು, ಮಷಿನ್ ಆರಿಸಿ, ಚಹಾ ಮಾಡಿಕೊಂಡು ಬಂದು ಕರೆದಳು. ದೊಡ್ಡಪ್ಪ ಅವಳ ಹಾಸಿಗೆಯತ್ತ ಮುಖ ಮಾಡಿ ಮಲಗಿದ್ದರು. ಮೈ ತಣ್ಣಗಾಗಿತ್ತು. ನೋಡಲು ಬಂದ ಡಾಕ್ಟರು, ಹೃದಯ ನಿಂತು ಮೂರು ನಾಲ್ಕು ತಾಸಾಗಿರಬೇಕು, ನಿದ್ದೆಯಲ್ಲೇ ಆಗಿದೆ ಎಂದರು.

ನಾನು ಹೋದಾಗ ಅವಳು ಅಳುತ್ತಿರಲಿಲ್ಲ. ಬಂದವರೆಲ್ಲರಿಗೂ ಒಂದೇ ಮಾತು ಹೇಳುತ್ತಿದ್ದಳು: "ನನಗ ಛಲೋ ನಿದ್ದಿ ಹತ್ತಿತ್ತು."

ಹೆಂಗಸರು ಬಳೆ ತೆಗೆಯಲು ಕೂತಾಗ ಗುರವ್ವತ್ತಿ, ಮೂಗಿನದನ್ನು ಮೊದಲೇ ತೆಗೆದಿಟ್ಟಿದ್ದಾಳಲ್ಲ, ಆ ಕೆಲಸ ನಮಗೆ ಉಳಿಸಲಿಲ್ಲ ಎಂದಳು. ತಮ್ಮನನ್ನು ಕಳೆದುಕೊಂಡ ಸಂಕಟದ ಮಾತು ಎಂದು ಈಗ ಅನ್ನಬಹುದು. ದೊಡ್ಡವ್ವ ತಲೆ ಎತ್ತಿ ಒಂದು ಸಲ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಅವಳು ಮಷಿನ್ ಅಟ್ಟಕ್ಕೆ ಹಾಕಿಸಿದಳು. ಫೋನಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. ಈಗ ನನ್ನಿಂದ ಯಾರ ನಿದ್ದೆ ಕೆಡುತ್ತದೆ ಎನ್ನುತ್ತಿದ್ದಳು. ಬೇಸಿಗೆ ರಜೆ ಬಿಟ್ಟೊಡನೆ ನಾನು ಇಳಕಲ್ಲಿಗೆ ಹೋಗಿ, ದೊಡ್ಡಪ್ಪ ಮಲಗುತ್ತಿದ್ದ ಜಾಗದಲ್ಲಿ ಹಾಸಿಗೆ ಹಾಸಿಕೊಂಡೆ. ಅವಳ ಉಸಿರು ನಿಂತಾಗ ಎಣಿಸಿದೆ. ಮೂವತ್ತಕ್ಕೆ ತಡೆಯಲಾಗದೆ ಭುಜ ಹಿಡಿದು ಅಲ್ಲಾಡಿಸಿದೆ. ಕಣ್ಣು ತೆರೆಯದೆಯೇ, "ಹೂಂನ್ರಿ, ಹೊಳ್ಳೇನಿ" ಎಂದು ಮಗ್ಗುಲಾದಳು. ಆಮೇಲೆ ನಾನು ಎಷ್ಟು ಸಲ ಎಬ್ಬಿಸಿದೆನೋ ಅಷ್ಟು ಸಲವೂ ಅದೇ ಉತ್ತರ.

ಮೂರನೆಯ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ನಾನು ತೂಕಡಿಸುವುದನ್ನು ಕಂಡು ಏನಾಯಿತು ಎಂದು ಕೇಳಿದಳು. ಹೇಳಿದೆ. ಅವಳು ನಿದ್ದೆಯಲ್ಲಿ ಯಾರಿಗೆ ಉತ್ತರ ಕೊಡುತ್ತಿದ್ದಳು ಎಂಬುದನ್ನೂ ಹೇಳಿದೆ. ಆಗ ಅತ್ತಳು. ದೊಡ್ಡಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಿಸಿಲೇರಿದ ಮೇಲೆ ತಾನೇ ಸ್ಟೂಲು ಹಾಕಿ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಪೈಪು, ಮಾಸ್ಕು, ಪಟ್ಟಿಗಳನ್ನು ಸಾಬೂನಿನಿಂದ ತೊಳೆದು ಹಿತ್ತಲಿನ ನೆರಳಿಗೆ ಹರವಿದಳು.

"ನಿನಗ ಸಾಲಿ ಐತಿ, ಸಂಸಾರ ಐತಿ," ಎಂದಳು. "ನನ್ನ ಸಲುವಾಗಿ ಎಚ್ಚರ ಇದ್ದವ್ರು ಒಬ್ಬರ ಸಾಕು. ಇನ್ನೊಬ್ರು ಬ್ಯಾಡ."

ಆಮೇಲೆ ಎರಡು ವರ್ಷ ತಪ್ಪದೆ ಹಾಕಿಕೊಂಡಳು. ಮೂಗುತಿಯ ತೂತು ಅಷ್ಟರಲ್ಲಿ ಮುಚ್ಚಿಕೊಂಡಿತ್ತು. ಹೊಲಿಗೆ ಬಿಡಲಿಲ್ಲ. ನಾನು ಹೋದಾಗಲೆಲ್ಲ ಓಣಿಯ ಸುದ್ದಿ ಹೇಳುತ್ತಿದ್ದಳು. ದೊಡ್ಡಪ್ಪನ ಕೊನೆಯ ದಿನದ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಕೊನೆಯ ಸಲ ಅವಳನ್ನು ನೋಡಿದ್ದು ಸಂಕ್ರಾಂತಿಗೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತಿದ್ದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, ನನ್ನತ್ತ ನೋಡದೆ ಕೇಳಿದಳು.

"ಸುಮಿ, ಅವತ್ತ ರಾತ್ರಿ ಅವ್ರು ನನ್ನ ಕರದಿರಬಹುದೇನು?"

ನಿದ್ದೆಯಲ್ಲೇ ಹೋದರು, ಅವರಿಗೆ ಏನೂ ಗೊತ್ತಾಗಿಲ್ಲ ಎಂದು ಡಾಕ್ಟರು ಹೇಳಿದ್ದಾರಲ್ಲ ಎಂದೆ.

"ಡಾಕ್ಟರ್ ಅಲ್ಲಿರಲಿಲ್ಲ. ನಾ ಇದ್ದೆ. ಕಿವ್ಯಾಗ ಗಾಳಿ ಸಪ್ಪಳ ಇತ್ತು."

ನಾನು ಎಳ್ಳಿನ ಬಟ್ಟಲು ಅವಳ ಕೈಗೆ ಕೊಟ್ಟೆ. ಅವಳು ರೊಟ್ಟಿ ತಿರುವಿ ಹಾಕಿ, ಬಿಸಿ ಇರುವಾಗಲೇ ತಿನ್ನು ಎಂದು ತಾಟು ಮುಂದೆ ಸರಿಸಿದಳು. ನಾಲ್ಕರ ಬಸ್ಸಿಗೆ ನಾನು ಹೊರಟೆ. ಯುಗಾದಿಗೆ ಬಂದಾಗ ಕೂತು ಮಾತಾಡಬೇಕು ಎಂದುಕೊಂಡೆ. ಶಿವರಾತ್ರಿಯ ಮರುದಿನ ಅವಳಿಗೆ ಎದೆನೋವು ಬಂತು. ಬಾಗಲಕೋಟೆಗೆ ಕರೆತರುವಾಗ ದಾರಿಯಲ್ಲೇ ಹೋದಳು.

ಅವಳ ಪ್ರಶ್ನೆಗೆ ಉತ್ತರ ನನಗೆ ಹೊಳೆದದ್ದು ಆ ಮನೆಯ ಸಾಮಾನು ತೆಗೆಯುವಾಗ. ದೊಡ್ಡಪ್ಪ ಕರೆದಿರಲಾರರು. ಇಪ್ಪತ್ತೈದು ವರ್ಷ ಅವರು ಅವಳನ್ನು ಎಬ್ಬಿಸಿದ್ದು ಅವಳ ಉಸಿರಿಗಾಗಿ. ತಮಗೆಂದು ಒಂದು ದಿನವೂ ಎಬ್ಬಿಸಿದವರಲ್ಲ. ಜ್ವರ ಬಂದರೂ ತಾವೇ ಎದ್ದು ನೀರು ಕುಡಿದು ಬರುತ್ತಿದ್ದರು. ಆ ರಾತ್ರಿ ನೋವು ಬಂದಿದ್ದರೂ, ಪಕ್ಕದಲ್ಲಿ ಅವಳು ನೆಮ್ಮದಿಯಾಗಿ ಉಸಿರಾಡುತ್ತ ಮಲಗಿದ್ದನ್ನು ನೋಡಿ ಸುಮ್ಮನಿದ್ದಿರಬೇಕು. ಇದನ್ನು ಕೇಳಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ, ಸಂಕಟ ಇನ್ನೂ ಹೆಚ್ಚುತ್ತಿತ್ತೋ ನನಗೆ ಗೊತ್ತಿಲ್ಲ. ಹೇಳೋಣವೆಂದರೆ ಅವಳಿಲ್ಲ.